ಹಳದಿ ಕಣ್ಣುಗಳ ಖಾನೇಸುಮಾರಿ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಬರೆ ಇದೆ. ಹುಣಸೆಬೀಜದಷ್ಟು, ಅಂಚು ಬೆಳ್ಳಗೆ. ಆದರೆ ಅದನ್ನು ಹಾಕಿದ್ದು ಬಲಗೈಗೆ ಎಂದೇ ನನ್ನ ನೆನಪು. ಉಮದಿಯ ನಮ್ಮ ಮನೆಯ ಪಡಸಾಲೆ, ಕಾದ ಕಬ್ಬಿಣದ ಸಳಿ, ಸೋದರಮಾವ ನನ್ನ ಬಲಗೈಯನ್ನು ತನ್ನ ಎರಡು ಮೊಣಕಾಲ ನಡುವೆ ಒತ್ತಿ ಹಿಡಿದದ್ದು, ಎಲ್ಲ ಸ್ಪಷ್ಟವಾಗಿದೆ. ಬರೆ ಮಾತ್ರ ಎಡಗೈ ಮೇಲಿದೆ. ಓದುವವರು ಇಷ್ಟನ್ನು ಮೊದಲೇ ತಿಳಿದಿರಲಿ. ಚರ್ಮ ಒಂದು ಹೇಳಿ ನಾನೊಂದು ಹೇಳಿದರೆ ಚರ್ಮವನ್ನು ನಂಬಬೇಕು.

ಬರೆ ಹಾಕಿಸಿದ್ದು ಕಾಮಣಿಗೆ. ಕಣ್ಣಿನ ಬಿಳಿ ಭಾಗ ಹಳದಿಯಾಗುವ ರೋಗಕ್ಕೆ ನಮ್ಮ ಕಡೆ ಕಾಮಣಿ ಅನ್ನುತ್ತಾರೆ. ಬಂದವರಲ್ಲಿ ಕೆಲವರು ಸಾಯುತ್ತಾರೆ, ಕೆಲವರು ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡುತ್ತಾರೆ. ನನ್ನದು ಈ ಎರಡೂ ಅಲ್ಲ. ಬರುತ್ತಿತ್ತು, ಒಂದೆರಡು ದಿನ ಇದ್ದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಜ್ವರವಿಲ್ಲ, ಹೊಟ್ಟೆನೋವಿಲ್ಲ. ಕನ್ನಡಿ ನೋಡದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ನೋಡಿ ನನ್ನ ಕಣ್ಣಿನ ಬಣ್ಣ ತಿಳಿದುಕೊಳ್ಳುವುದನ್ನು ಎಂಟು ವರ್ಷಕ್ಕೇ ಕಲಿತೆ.

ಅಪ್ಪನ ಕಣ್ಣೂ ಹಾಗೆಯೇ ಇದ್ದವಂತೆ. ಶೇಂಗಾ ಚೀಲ ಹೇರಿಕೊಂಡು ವಿಜಾಪುರದ ಪೇಟೆಗೆ ಬಂಡಿ ಹೊಡೆಯುತ್ತಿದ್ದ ಅಪ್ಪ ನನಗೆ ಆರು ವರ್ಷವಿದ್ದಾಗ ನಡುಕದ ಜ್ವರ ಬಂದು ತೀರಿಕೊಂಡ. ಅದು ಮಲೇರಿಯಾ ಇರಬೇಕೆಂದು ಈಗ ಅನ್ನಿಸುತ್ತದೆ. ಆ ವರ್ಷ ನಮ್ಮ ಓಣಿಯಲ್ಲಿ ಬಹಳ ಜನ ಹಾಗೆ ಹೋದರು. ಆದರೆ ಕೊನೆಯ ದಿನಗಳಲ್ಲಿ ಅವನ ಕಣ್ಣು ಅರಿಶಿನದಂತಾಗಿದ್ದವು. ಅವ್ವ ನೋಡಿದ್ದು ಅದನ್ನೇ.

ನಮ್ಮದು ಸೋಮವಾರ ಹಿಡಿಯುವ ಮನೆ. ರವಿವಾರ ಮಧ್ಯಾಹ್ನ ಉಂಡರೆ ಮುಂದಿನ ಊಟ ಸೋಮವಾರ ದೀಪ ಹಚ್ಚಿ ಪೂಜೆ ಮುಗಿದ ಮೇಲೆ. ನಡುವೆ ನೀರು ಮಾತ್ರ. ಅಪ್ಪ ಒಂದು ಸೋಮವಾರ ವಿಜಾಪುರದಲ್ಲಿ ಗೆಳೆಯನೊಬ್ಬನ ಅಂಗಡಿಯಲ್ಲಿ ಉಂಡಿದ್ದ. ಮನೆಗೆ ಬಂದು ಅದನ್ನು ತಾನೇ ಹೇಳಿದ್ದನಂತೆ.

“ಸೋಮವಾರ ಉಂಡ ಬಂದ್ರು, ಮುಂದಿನ ಸೋಮವಾರ ಬರೂದ್ರಾಗ ಹೋದ್ರು,” ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು. “ಇವು ನಿಮ್ಮ ಮನಿತನದ ಕಣ್ಣ, ತಮ್ಮಾ. ನೀ ಒಂದ ಸೋಮವಾರ ತಪ್ಪಿಸಿದಿ ಅಂದ್ರ ನಿನ್ನ ಹೆಣಾನೂ ನೋಡೂ ಶಕ್ತಿ ನನಗಿಲ್ಲ.”

ನಾನು ತಪ್ಪಿಸಲಿಲ್ಲ. ಎಂಟು ವರ್ಷದಿಂದ ಇಪ್ಪತ್ತೈದು ವರ್ಷದವರೆಗೆ ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ, ಇಲ್ಲವೇ ಅದರ ಮರುವರ್ಷ, ನನಗೆ ತಿಕೋಂಡಿಯ ಸಾಲಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಊರ ಅಂಚಿನಲ್ಲಿ ಒಂದು ಖೋಲಿ ಹಿಡಿದೆ. ಸಾಲಿಯಲ್ಲಿ ಹಿರಿಯ ಮಾಸ್ತರರು ಒಳ್ಳೆಯವರು. ಮೊದಲನೆಯ ವಾರ ನನ್ನ ಕಣ್ಣು ನೋಡಿ, ಏನೂ ಕೇಳದೆ, ಮರುದಿನ ಮನೆಯಿಂದ ಒಂದು ಹಿತ್ತಾಳೆಯ ಲೋಟ ತಂದುಕೊಟ್ಟರು. “ಇದು ನಿಮಗ ಇರ್ಲಿ. ಎಲ್ಲಾರೂ ಕುಡಿಯೂದು ಬ್ಯಾರೆ ಇರ್ಲಿ,” ಅಂದರು. ಅದು ಬಹಳ ಚಂದದ ಲೋಟ. ಮೂರು ವರ್ಷ ನಾನು ಅದರಲ್ಲೇ ನೀರು ಕುಡಿದೆ. ಅದನ್ನು ಬೇರೆ ಯಾರೂ ಮುಟ್ಟಲಿಲ್ಲ.

ಅಷ್ಟರೊಳಗೆ ಎರಡು ಕಡೆ ಕನ್ಯೆ ನೋಡಿ ಬಂದಿದ್ದೆ. ಶುಭಕಾರ್ಯಕ್ಕೆ ಸೋಮವಾರವೇ ಆಗಬೇಕೆಂದು ಅವ್ವನ ಹಟ. ಮೊದಲನೆಯ ಮನೆಯಲ್ಲಿ ಅವಲಕ್ಕಿ ತಂದಿಟ್ಟರು. “ಇವತ್ತ ಸೋಮವಾರ್ರಿ,” ಎಂದು ನಾನು ತಾಟು ಸರಿಸಿದೆ. ಹುಡುಗಿಯ ಅಜ್ಜನಿಗೆ ಬಹಳ ಸಂತೋಷವಾಯಿತು. “ಈಗಿನ ಹುಡುಗರಾಗ ಇಂಥಾವ್ರು ಎಲ್ಲಿ ಸಿಗತಾರ,” ಎನ್ನುತ್ತ ನನ್ನ ಗದ್ದ ಹಿಡಿದು ಮುಖ ಬೆಳಕಿಗೆ ಎತ್ತಿದರು. ಹಾಗೆಯೇ ಬಿಟ್ಟರು. ಆ ಕೈ ಹಿಂದಕ್ಕೆ ಹೋಗಿ ಧೋತರಕ್ಕೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಎರಡನೆಯ ಮನೆಯಲ್ಲೂ ಇದೇ ಆಯಿತು, ಬಹುಶಃ ಅಜ್ಜನಲ್ಲ, ಚಿಕ್ಕಪ್ಪ. ಎರಡೂ ಮನೆಗಳು ನನ್ನ ನೆನಪಿನಲ್ಲಿ ಒಂದಾಗಿಬಿಟ್ಟಿವೆ. ಅವಲಕ್ಕಿ ಯಾವ ಮನೆಯದು, ಒರೆಸಿಕೊಂಡ ಕೈ ಯಾವ ಮನೆಯದು, ಆಣೆ ಮಾಡಿ ಹೇಳಲಾರೆ.

ಅವ್ವನ ಉತ್ತರ ಒಂದೇ. “ಶಿವಾ ಇನ್ನೂ ಒಲಿದಿಲ್ಲ. ಸೋಮವಾರ ಇನ್ನೂ ಗಟ್ಟಿ ಹಿಡಿ.” ನೀರನ್ನೂ ಮಧ್ಯಾಹ್ನದ ಮೇಲೆ ಬಿಡಿಸಿದಳು. ಅಪ್ಪನ ವಯಸ್ಸು ಮುಟ್ಟುವ ಮುಂಚೆ ನಾನೂ ಹಾಗೆಯೇ ಹೋಗುತ್ತೇನೆಂದು ನನಗೆ ಗಟ್ಟಿ ನಂಬಿಕೆ ಇತ್ತು. ಅಲ್ಲಿಯವರೆಗಾದರೂ ಎದುರಿಗೆ ಕುಳಿತು ಉಣ್ಣುವ ಒಬ್ಬ ಮನುಷ್ಯ ಬೇಕೆಂದು ಆಸೆ. ಖೋಲಿಯಲ್ಲಿ ಗೋಡೆಗೆ ಮುಖ ಮಾಡಿ ರೊಟ್ಟಿ ತಿನ್ನುವಾಗ ಅಗಿಯುವ ಸಪ್ಪಳ ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು.

ಐವತ್ತೊಂದರಲ್ಲಿ ಖಾನೇಸುಮಾರಿ ಬಂತು. ದೇಶದಲ್ಲಿ ಎಷ್ಟು ತಲೆಗಳಿವೆ ಎಂದು ಸರಕಾರ ಎಣಿಸುವ ಕೆಲಸ. ಸಾಲಿ ಮಾಸ್ತರರೇ ಮನೆ ಮನೆಗೆ ಹೋಗಿ ತಲೆಗೊಂದು ಚೀಟಿ ಬರೆಯಬೇಕು. ಜನ ಹೆದರುತ್ತಿದ್ದರು, ನಗುತ್ತಿದ್ದರು, ಮಕ್ಕಳ ಸಂಖ್ಯೆ ಹೇಳಿದರೆ ದೃಷ್ಟಿಯಾಗುತ್ತದೆಂದು ಒಂದು ಮಗುವನ್ನು ಮುಚ್ಚಿಡುತ್ತಿದ್ದರು. ನನಗೆ ಮಾತ್ರ ಆ ಕೆಲಸ ಹಬ್ಬದಂತಾಯಿತು. ಯಾರೂ ಕರೆಯದ ನನ್ನನ್ನು ಎಲ್ಲರೂ ಪಡಸಾಲೆಯಲ್ಲಿ ಕೂಡಿಸಿ ಉತ್ತರ ಕೊಡಲೇಬೇಕು, ಅದು ಸರಕಾರದ ಹುಕುಂ.

ಊರ ಹೊರಗಿನ ಕುರಿಹಟ್ಟಿಯಲ್ಲಿ ಒಬ್ಬ ಮುದುಕ ಸಿಕ್ಕ. ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದ.

“ಮುತ್ಯಾ, ವಯಸ್ಸೆಷ್ಟು?”

“ಸರಕಾರಕ್ಕ ನನ್ನ ವಯಸ್ಸ ಯಾಕ ಬೇಕು? ಕನ್ಯಾ ಕೊಡತದೇನು?”

“ಕೊಟ್ರ ಮಾಡ್ಕೊಂತೀಯೇನ?”

“ಹಲ್ಲಿದ್ದಾಕಿ ಬ್ಯಾಡ ಅನ್ನು. ಬರ್ಕೊ, ದೊಡ್ಡ ಬರದಾಗ ನಾ ಕುರಿ ಹಿಂದ ಓಡ್ಯಾಡ್ತಿದ್ನಿ.”

ಆ ಬರ ಬಿದ್ದು ಎಪ್ಪತ್ತೈದು ವರ್ಷವಾಗಿತ್ತು, ಎಂಬತ್ತಕ್ಕೆ ಕಡಿಮೆಯಿಲ್ಲವೆಂದು ಅಂದಾಜು ಹಾಕಿ ಬರೆದು ತಲೆ ಎತ್ತಿದೆ. ಮುದುಕನ ಕಣ್ಣು ಹಳದಿಯಾಗಿದ್ದವು. ವಯಸ್ಸಿನ ಮಸುಕಲ್ಲ, ನನ್ನ ಕನ್ನಡಿಯಲ್ಲಿ ನಾನು ನೋಡುವ ಅದೇ ಹಳದಿ. ಅವನೂ ಮುಂದೆ ಬಾಗಿ ನೋಡಿದ.

“ಅಯ್ಯ, ನಿನ್ನವೂ ನನ್ನಂಗ ಅದಾವಲ್ಲೋ!”

ಒಂದೇ ಥರದ ಮೂಗು ಇದ್ದವರನ್ನು ಕಂಡಂತೆ ಅವನಿಗೆ ಮೋಜೆನಿಸಿತ್ತು. ಹುಟ್ಟಿದಾಗಿನಿಂದ ಹೀಗೇ ಇವೆಯಂತೆ. ಅವನ ಅಪ್ಪನಿಗೂ ಇದ್ದವಂತೆ. “ಏನೂ ಆಗೂದಿಲ್ಲೇನ ಮುತ್ಯಾ?” ಎಂದು ಕೇಳಿದೆ. “ಆಗತದ. ಮಂದಿ ಹಿಂಗ ನೋಡತಾರ,” ಎಂದು ಅವನು ನನ್ನ ಮುಖದ ಹಾಗೆ ತನ್ನ ಮುಖ ಮಾಡಿ ತೋರಿಸಿದ. ಎಂಬತ್ತು ವರ್ಷ ಬದುಕಿದ ಹಳದಿ ಕಣ್ಣು! ಅಲ್ಲಿಂದ ಹೊರಟಾಗ ಮುಂದಿನ ಮನೆ ಯಾವುದೆಂಬುದೇ ನನಗೆ ಮರೆತುಹೋಗಿತ್ತು.

ಅಂದು ಸಂಜೆ ಸಾಲಿಯ ಒಂದು ಖಾಲಿ ವಹಿ ತೆಗೆದು ನನ್ನದೇ ಖಾನೇಸುಮಾರಿ ಶುರುಮಾಡಿದೆ. ಸರಕಾರದ ಚೀಟಿಯಲ್ಲಿ ಧರ್ಮ, ಮಾತೃಭಾಷೆ, ಕಸುಬು ಇದ್ದವು, ಕಣ್ಣಿನ ಬಣ್ಣ ಇರಲಿಲ್ಲ. ನಾನು ಹೆಸರು ಬರೆಯುತ್ತಿರಲಿಲ್ಲ. ಮನೆಯ ಗುರುತು, ಗಂಡೋ ಹೆಣ್ಣೋ, ವಯಸ್ಸು, ಕಣ್ಣು ಎಷ್ಟು ಹಳದಿ, ಹೆಂಗಸಾದರೆ ತವರೂರು. ತವರೂರು ಬರೆದದ್ದು ನನ್ನ ಜಾಣತನ. ಈ ಕಣ್ಣು ಮನೆತನದಲ್ಲಿ ಹರಿದು ಬರುವುದಾದರೆ ಸೊಸೆಯಂದಿರ ಜೊತೆ ಊರಿಂದ ಊರಿಗೆ ಹೋಗುತ್ತಿರಬೇಕಲ್ಲ. ಕೇಳುವುದು ಕಷ್ಟವಾಗುತ್ತಿತ್ತು. ಮುದುಕನಂತೆ ನಕ್ಕವರು ಬೇರೆ ಯಾರೂ ಇಲ್ಲ. “ಮನ್ನೆ ಮನ್ನೆ ಜ್ವರ ಬಂದಿತ್ರಿ,” “ಧೂಳ ಬಿದ್ದದ್ರಿ,” “ಕುಸುಬಿ ಬಡಿಲಾಕತ್ತಿದ್ವಿ.” ಒಬ್ಬಾಕೆ ನಾನು ಬರುವುದನ್ನು ಕಂಡು ಸೆರಗು ಹಣೆಯ ಕೆಳಗೆ ಎಳೆದುಕೊಂಡಳು. ನಾನೂ ಹಾಗೆಯೇ ಸುಳ್ಳು ಹೇಳುತ್ತ ಬಂದವನಾದ್ದರಿಂದ ಆ ಸುಳ್ಳುಗಳೆಲ್ಲ ನನಗೆ ಪರಿಚಯದವು.

ಎಣಿಕೆ ಮುಗಿದು, ಚೀಟಿಗಳಲ್ಲಿ ಬಿಟ್ಟುಹೋದದ್ದನ್ನು ತುಂಬಲು ನಾನು ಮತ್ತೆ ಕೆಲವು ಮನೆ ಸುತ್ತುತ್ತಿದ್ದೆ. ಶಿವರಾತ್ರಿಯ ಮರುದಿನ ಬೆಳಿಗ್ಗೆ. ಇಡೀ ಊರು ಉಪವಾಸ ಮಾಡಿ, ಜಾಗರಣೆ ಮಾಡಿ, ಇನ್ನೂ ಪಾರಣೆಗೆ ಕೂತಿರಲಿಲ್ಲ. ಮೊದಲನೆಯ ಮನೆಯ ಯಜಮಾನ ಹೊರಗೆ ಬಂದ. ಹದಿನೈದು ದಿನದ ಹಿಂದೆ ಅವನ ಕಣ್ಣು ಬೆಳ್ಳಗಿದ್ದವು, ನಾನೇ ನೋಡಿದ್ದೆ. ಈಗ ಹಳದಿ. ಎರಡು ಮನೆ ಬಿಟ್ಟು ಮತ್ತೊಬ್ಬ. ಗಿರಣಿಯ ಹತ್ತಿರ ಅಕ್ಕ ತಂಗಿ ಇಬ್ಬರೂ. ವಹಿಯಲ್ಲಿ ಮೊದಲೇ ಇದ್ದವರ ಕಣ್ಣಂತೂ ಬೇವಿನ ಹಣ್ಣಿನಂತಾಗಿದ್ದವು. ನಾನು ಖೋಲಿಗೆ ಓಡಿಹೋಗಿ ಕನ್ನಡಿ ನೋಡಿಕೊಂಡೆ. ಅಷ್ಟು ಹಳದಿ ಎಂದೂ ಕಂಡಿರಲಿಲ್ಲ.

ಗೋಡೆಗೆ ಒರಗಿ ಕೂತೆ. ಕೂತದ್ದು ನಿಜ. ಆದರೆ ಆ ಗಳಿಗೆಯಲ್ಲೇ ಎಲ್ಲ ಹೊಳೆದುಬಿಟ್ಟಿತು ಎಂದು ಬರೆದರೆ ಕತೆಯಾಗುತ್ತದೆ. ಆಗಲಿಲ್ಲ. ಶಿವನು ಸಿಟ್ಟಾಗಿದ್ದಾನೆ, ಊರಿಗೆ ಊರನ್ನೇ ಹಿಡಿದಿದ್ದಾನೆ ಎಂದೇ ಮೊದಲು ಅನ್ನಿಸಿತು. ತಿಂಗಳುಗಟ್ಟಲೆ ಹಾಗೆಯೇ ಇದ್ದೆ, ಸೋಮವಾರಗಳನ್ನೂ ಹಿಡಿದೆ. ನಡುವೆ ಸಾಲಿಯ ರಜೆ ಕಳೆದು ಮಳೆಗಾಲ ಹತ್ತಿರ ಬಂದಾಗ ಉಮದಿಯ ಸಂತೆಯಲ್ಲಿ ಕಲಾಯಿ ಚಾಚಾನನ್ನು ಕಂಡೆ. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಅವನು ಅಪ್ಪನ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದವನು. ರಂಜಾನ್ ತಿಂಗಳು. ಹೊತ್ತು ಇಳಿದಿತ್ತು. ತಿದಿ ಒತ್ತುತ್ತಿದ್ದವನು ತಲೆ ಎತ್ತಿದ. ಅವನ ಕಣ್ಣೂ!

“ಚಾಚಾ, ಕಣ್ಣಿಗೇನಾಗೇದ?”

“ಅರೇ ಮಾಸ್ತರ, ರೋಜಾ ಹಿಡದಾಗ ಹಿಂಗ. ಈದಿಗೆ ಶೀರಕುರ್ಮಾ ತಿಂದ್ರ ಬೆಳ್ಳಗಾಗತಾವ.”

“ರೋಜಾ ಹಿಡದಾಗ ಅಷ್ಟ?”

“ಹೊಟ್ಟಿ ಖಾಲಿ ಇದ್ದಾಗ ಅಷ್ಟ. ನಮ್ಮ ಬಾಬಾಗೂ ಹಂಗ ಇತ್ತು. ಊರ ಮಂದಿ ನನ್ನ ಮುಂದ, ಏನ ಕಿಲುಬ ಹಿಡದ ಪಾತ್ರಿ ಅದೀಯೋ, ಮೊದಲ ನಿನಗ ಕಲಾಯಿ ಹಾಕ್ಕೊ ಅಂತಾರ.”

ಹೊಟ್ಟೆ ಖಾಲಿ ಇದ್ದಾಗ. ಈ ಮಾತು ಹದಿನೇಳು ವರ್ಷ ಯಾಕೆ ನನಗೆ ಹೊಳೆಯಲಿಲ್ಲ? ಕಣ್ಣು ಬೆಳ್ಳಗಾಗಲೆಂದು ಉಪವಾಸ, ಉಪವಾಸದಿಂದ ಹಳದಿ, ಹಳದಿಯಾಯಿತೆಂದು ಇನ್ನೂ ಕಠಿಣ ಉಪವಾಸ. ಆ ಉಪವಾಸದ ದಿನವೇ ಹುಡುಕಿ ಹುಡುಕಿ ಕನ್ಯೆಯ ಮನೆಗೆ.

ಪುಣೆಯಲ್ಲಿ ಓದಿ ಬಂದ ಒಬ್ಬ ಡಾಕ್ಟರರು ಜತ್ತದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಅಲ್ಲಿಗೆ ಹೋದೆ, ಬೇಕೆಂದೇ ಮಂಗಳವಾರ ಬೆಳಿಗ್ಗೆ, ಸೋಮವಾರದ ರಾತ್ರಿಯ ಊಟವನ್ನೂ ಬಿಟ್ಟು. ಅವರು ಮರಾಠಿಯವರು, ಕನ್ನಡ ಅರ್ಧಮರ್ಧ, ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಹೊಟ್ಟೆ ಒತ್ತಿ ನೋಡಿದರು. ಗಾಜಿನ ನಳಿಕೆಯಲ್ಲಿ ಮೂತ್ರ ಹಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕಾಮಣಿಯಾದರೆ ಮೂತ್ರವೂ ಗಾಢ ಹಳದಿ ಇರಬೇಕಿತ್ತು, ನನ್ನದು ಹಾಗಿರಲಿಲ್ಲ. ಹಳೆಯ ರಕ್ತ ಒಡೆದಾಗ ಹಳದಿ ಉಳಿಯುತ್ತದೆ, ಅದನ್ನು ಹೊರಗೆ ಹಾಕುವುದು ಯಕೃತ್ತಿನ ಕೆಲಸ ಎಂದು ಹೇಳಿದರು.

“ನಿಮ್ಮ ಯಕೃತ್ತು ಸ್ವಲ್ಪ ಮೈಗಳ್ಳ. ಕೆಲಸ ಬಿಟ್ಟಿಲ್ಲ, ನಿಧಾನ ಮಾಡುತ್ತದೆ. ಉಪವಾಸ ಹಾಕಿದರೆ ಇನ್ನೂ ನಿಧಾನ. ಇದು ಮನೆತನದಲ್ಲಿ ಬರುವಂಥದ್ದು. ಅಪ್ಪನ ಕಡೆಯಿಂದಲೂ ಬರಬಹುದು, ಅವ್ವನ ಕಡೆಯಿಂದಲೂ ಬರಬಹುದು.”

“ಸಾಯುವುದಿಲ್ಲವೆ?”

“ಸಾಯುತ್ತೀರಿ. ಆದರೆ ಇದರಿಂದಲ್ಲ. ಬೇರೆ ಏನಾದರೂ ಹುಡುಕಿಕೊಳ್ಳಿ.”

ನಾನು ನಗಲಿಲ್ಲವೆಂದು ಅವರೇ ನಕ್ಕರು. ಆಮೇಲೆ ನಾನು ಕೇಳಿದ್ದು ಒಂದೇ: ನಮ್ಮ ದೇಶದಲ್ಲಿ ಇಂಥವರು ಎಷ್ಟು ಜನ?

“ಪರದೇಶದ ಪುಸ್ತಕದಲ್ಲಿ ಅಲ್ಲಿಯವರ ಬಗ್ಗೆ ಬರೆದಿದ್ದಾರೆ. ವಿರಳವಲ್ಲ ಅನ್ನುತ್ತಾರೆ. ನಮ್ಮವರನ್ನು ಯಾರು ಎಣಿಸಿದ್ದಾರೆ? ನೋವಿದ್ದವರು ನನ್ನ ಹತ್ತಿರ ಬರುತ್ತಾರೆ. ಇದಕ್ಕೆ ನೋವಿಲ್ಲ. ನೋವಿಲ್ಲದ್ದನ್ನು ಎಣಿಸಬೇಕಾದರೆ ಮನೆ ಮನೆಗೆ ಹೋಗಬೇಕು.”

ನಾನು ಚೀಲದಿಂದ ವಹಿ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರರು ಕೊನೆಯವರೆಗೂ ಹಾಳೆ ತಿರುವಿದರು. “ಒಂದು ಸಣ್ಣ ಊರಿನಲ್ಲಿ ಇಷ್ಟು ಮಂದಿ ಇದ್ದರೆ...” ಎಂದು ಶುರುಮಾಡಿ, ಹೊರಗೆ ಕಾಯುತ್ತಿದ್ದ ರೋಗಿಗಳ ಕಡೆ ನೋಡಿ, ಆ ಮಾತನ್ನು ಮುಗಿಸಲಿಲ್ಲ. ಮುಗಿಸದ ಆ ವಾಕ್ಯವನ್ನು ನಾನು ದಾರಿಯುದ್ದಕ್ಕೂ ಮುಗಿಸುತ್ತ ಬಂದೆ. ತಿಕೋಂಡಿಯಲ್ಲಿ ಇಷ್ಟು, ಹಾಗಾದರೆ ತಾಲೂಕಿನಲ್ಲಿ, ಮುಂಬಯಿ ಪ್ರಾಂತದಲ್ಲಿ, ಇಡೀ ದೇಶದಲ್ಲಿ. ಒಂದು ದೊಡ್ಡ ಪಟ್ಟಣವನ್ನೇ ತುಂಬಿಸುವಷ್ಟು ಜನ ಇರಬೇಕು. ಆ ಪಟ್ಟಣದ ಪ್ರತಿಯೊಬ್ಬನೂ ಇದು ನಮ್ಮ ಮನೆಗಷ್ಟೇ ಬಂದದ್ದು ಅಂದುಕೊಂಡು ಬಾಗಿಲು ಮುಚ್ಚಿಕೊಂಡಿದ್ದಾನೆ.

ಮುಂದಿನ ಸೋಮವಾರ ಖೋಲಿಯ ಬಾಗಿಲು ಹಾಕಿಕೊಂಡು ಮಧ್ಯಾಹ್ನ ಉಂಡೆ. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮೊದಲ ತುತ್ತು ಮುರಿಯುವ ಮುಂಚೆ ಎದ್ದು ಬಾಗಿಲ ಚಿಲಕ ಮತ್ತೊಮ್ಮೆ ನೋಡಿ ಬಂದೆ. ಡಾಕ್ಟರರ ಮಾತನ್ನು ಬುದ್ಧಿ ಒಪ್ಪಿತ್ತು, ಕೈ ಒಪ್ಪಿರಲಿಲ್ಲ. ಸಂಜೆ ಕನ್ನಡಿಯಲ್ಲಿ ನೋಡಿದೆ. ಬೆಳ್ಳಗಿದ್ದವು. ಸೋಮವಾರದ ಸಂಜೆ ನನ್ನ ಕಣ್ಣು ಬೆಳ್ಳಗೆ ಕಂಡದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ಹೆದರಿ, ಅಪ್ಪನಿಗಾದ ಹಾಗೆ ಆಗುತ್ತದೋ ಎಂದು ಮುಂದಿನ ಸೋಮವಾರದವರೆಗೆ ದಿನ ಎಣಿಸಿದೆ. ಆ ಸೋಮವಾರವೂ ಬಂತು, ನಾನು ಇದ್ದೆ, ಮತ್ತೆ ಉಂಡೆ.

ಇದನ್ನು ಅವ್ವನಿಗೆ ಹೇಳಲು ಉಮದಿಗೆ ಹೋದೆ. ಅವಳು ಶೇಂಗಾ ಒಡೆಯುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ.

“ಅಂದ್ರ, ನಿಮ್ಮಪ್ಪ ಉಂಡದ್ದಕ್ಕ ಸಾಯ್ಲಿಲ್ಲ ಅಂತೀ.”

“ಜ್ವರಾ ಬಂದ ಸತ್ತ, ಅವ್ವಾ. ಉಂಡದ್ದಕ್ಕಲ್ಲ.”

“ಹಂಗಾರ ನಾ ಇಷ್ಟ ವರ್ಷ ಅವರನ್ನ ಬೈಕೋತ ಕುಂತದ್ದು?”

ಅವಳ ಸಿಟ್ಟನ್ನು ನಾನು ಎದುರು ನೋಡಿದ್ದೆ, ಈ ಪ್ರಶ್ನೆಯನ್ನಲ್ಲ. ಮಡಿಲಿನ ಸಿಪ್ಪೆ ಝಾಡಿಸಿ ಅಂದಳು, “ನೀ ಉಣ್ಣು. ನಾ ಬಿಡೂದಿಲ್ಲ. ಉಂಡವರ ಜೋಡಿ ಕನ್ಯಾ ನೋಡಾಕೂ ಬರೂದಿಲ್ಲ.”

ಅವ್ವನ ಕಡೆಯಿಂದಲೂ ಬರಬಹುದು ಎಂದಿದ್ದರು ಡಾಕ್ಟರರು. ಅವಳೂ ನನ್ನಷ್ಟೇ ಸೋಮವಾರ ಹಿಡಿದವಳು. ಅವಳ ಕಣ್ಣು ಯಾವ ಬಣ್ಣದವಿದ್ದವು ಎಂದು ಇಷ್ಟು ವರ್ಷದಿಂದ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ತಲೆಯ ಮೇಲಿನ ಸೆರಗು ಕಾಣುತ್ತದೆ, ಶೇಂಗಾ ಸಿಪ್ಪೆಯ ರಾಶಿ ಕಾಣುತ್ತದೆ. ಕಣ್ಣು ಕಾಣುವುದಿಲ್ಲ. ಒಂದು ಊರಿನ ಕಣ್ಣುಗಳನ್ನೆಲ್ಲ ಎಣಿಸಿದವನು ಅವ್ವನ ಮುಖವನ್ನು ಬೆಳಕಿಗೆ ಎತ್ತಿ ನೋಡಲಿಲ್ಲ.

ಮರುವರ್ಷ ಸೋದರಮಾವ ಬಾಲಗಾಂವದ ಒಂದು ಕನ್ಯೆಯ ಸುದ್ದಿ ತಂದ. ಈ ಸಲವೂ ಸೋಮವಾರ, ಹುಡುಗಿಯ ಕಡೆಯವರೇ ಹೇಳಿದ ದಿನ. ಅವ್ವ ಬರಲಿಲ್ಲ. ನಾನು ಮುಂಜಾನೆ ಹೊಟ್ಟೆತುಂಬ ಉಂಡು ಹೊರಟೆ. ದಾರಿಯಲ್ಲಿ ಮಾವ ನನ್ನ ರೆಪ್ಪೆ ಎಳೆದು ನೋಡಿದ. “ಹಾಲಿನಂಗ ಅದಾವ. ಈಗ ಬಾಯಿ ಒಂದ ಮುಚ್ಚಿ ಕುಂತ್ರ ನಿನ್ನ ಲಗ್ನಾ ಆಗತದ ನೋಡು.”

ಬಾಲಗಾಂವದ ಮನೆ ಒಕ್ಕಲುತನದ ಮನೆ. ಹುಡುಗಿಯ ಅಪ್ಪ ಗಂಭೀರ ಮನುಷ್ಯ. “ಬರ್ರಿ, ಕುಂದ್ರಿ,” ಎಂದು ಜಮಖಾನೆ ಹಾಸಿದರು. ಹುಡುಗಿ ಚಹಾ ತಂದಳು. ತಲೆ ತಗ್ಗಿಸಿ ಬಂದಳು, ತಗ್ಗಿಸಿಯೇ ಹೋದಳು. ಬೈತಲೆ ಮಾತ್ರ ನೋಡಿದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆಗ ಹುಡುಗಿಯ ಅಪ್ಪ ಮಾವನನ್ನು ಕೇಳಿದರು:

“ಉಮದ್ಯಾಗ ಹಳದಿ ಕಣ್ಣಿನ ಮನಿ ಅಂತ ಒಂದ ಅದ ಅಂತಾರ. ಅದು ನಿಮ್ಮದಲ್ಲ, ಹೌದಿಲ್ಲೋ?”

“ಛೇ ಛೇ, ಅದು ಬ್ಯಾರೆ ಓಣಿ,” ಅಂದ ಮಾವ.

“ನಮ್ಮದ ರೀ,” ಅಂದೆ ನಾನು.

ಯಾಕೆ ಅಂದೆ? ಧೈರ್ಯ ಎಂದು ಬರೆಯಬಹುದು. ಅದಲ್ಲ. ಮದುವೆಯಾಗಿ ಹೆಂಡತಿಯ ಮುಂದೆಯೂ ಈ ಕಣ್ಣಿನ ಸುದ್ದಿ ಮುಚ್ಚಿಡುವುದಾದರೆ ಖೋಲಿಯಲ್ಲಿ ಇನ್ನೊಬ್ಬರು ಇದ್ದೂ ನಾನು ಗೋಡೆಗೆ ಮುಖ ಮಾಡಿಯೇ ಉಣ್ಣಬೇಕಾಗುತ್ತಿತ್ತು. ಎಲ್ಲ ಹೇಳಿದೆ. ಉಪವಾಸದಿಂದ ಬರುವುದು, ಡಾಕ್ಟರರು ಹೇಳಿದ್ದು, ಇದು ಯಾರನ್ನೂ ಕೊಲ್ಲುವುದಿಲ್ಲ ಎಂಬುದು. ನಂಬಲೆಂದು ವಹಿ ತೆಗೆದು ಅವರ ಕೈಗೆ ಕೊಟ್ಟೆ. “ನೋಡ್ರಿ, ತಿಕೋಂಡಿ ಒಂದ ಊರಾಗ ಎಷ್ಟ ಮಂದಿ ಅದಾರ.”

ಅವರಿಗೆ ಓದು ಬರುತ್ತಿತ್ತು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು. ಬಾವಿ ಮಗ್ಗುಲ ಮನೆ, ಹಿರಿಸೊಸೆ, ತವರು ಬಾಲಗಾಂವ.

“ಇಕಿ ನನ್ನ ತಂಗಿ,” ಅಂದರು.

ಮಾವ ಚಹಾದ ಬಸಿ ಕೆಳಗಿಟ್ಟ.

“ಇದನ್ನ ಯಾರ್ಯಾರಿಗೆ ತೋರಿಸೀರಿ, ಮಾಸ್ತರ್ರ?”

“ಡಾಕ್ಟರ ಒಬ್ಬರಿಗೆ.”

“ನನಗ ಮೂರ ಮಂದಿ ಹೆಣ್ಣಮಕ್ಕಳ. ಈ ಊರಾಗ ಇನ್ನೂ ಎಷ್ಟ ಮನ್ಯಾಗ ಅದಾರೋ. ನೀವು ಒಳ್ಳೇದ ಅಂತ ಬರದೀರಿ. ಇದು ಹೊರಗ ಬಿತ್ತಂದ್ರ ಒಬ್ಬರ ಮಗಳನ್ನೂ ಯಾರೂ ಮಾಡ್ಕೊಳ್ಳೂದಿಲ್ಲ.”

ಅವರು ಬೈಯಲಿಲ್ಲ. ಕೈ ಚಾಚಿ ಕೇಳುವುದೂ ಬೇಕಾಗಲಿಲ್ಲ, ವಹಿ ಅವರ ಕೈಯಲ್ಲೇ ಇತ್ತು. “ಇಟ್ಕೋರಿ,” ಅಂದೆ. ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಗೆ ವಾಸನೆ ಬಂತು. ಅಡುಗೆ ಒಲೆಯದ್ದೋ, ಕಾಗದದ್ದೋ, ನಾನು ಎದ್ದು ನೋಡಲಿಲ್ಲ. ಅವರು ಹೊರಗೆ ಬಂದು, “ಹೇಳಿ ಕಳಸ್ತೀವಿ,” ಅಂದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತು. ಅವರ ಕಡೆಯಿಂದ ಸುದ್ದಿ ಬರಲಿಲ್ಲ.

ವಹಿಯಲ್ಲಿ ಒಟ್ಟು ಎಷ್ಟು ಮಂದಿ ಇದ್ದರು? ಕೇಳಿದವರಿಗೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಸಂಖ್ಯೆ ಹೇಳಿದ್ದೇನೆ, ಒಂದೂ ಸುಳ್ಳೆಂದು ಹೇಳಿದ್ದಲ್ಲ. ಇಲ್ಲಿ ಯಾವುದನ್ನೂ ಬರೆಯುವುದಿಲ್ಲ. ಮತ್ತೆ ಎಣಿಸಲೂ ಇಲ್ಲ. ದೇಶದಲ್ಲಿ ಇಂಥವರು ಎಷ್ಟು ಎಂಬುದು ಎಂದಾದರೂ ಯಾರಿಗಾದರೂ ಸರಿಯಾಗಿ ತಿಳಿದೀತು. ಆದರೆ ಎಣಿಸುವವನ ಎದುರು ಸೆರಗು ಎಳೆದುಕೊಂಡವರು ಅದರಲ್ಲಿ ಸೇರಿರುವುದಿಲ್ಲ.

ಅಂದು ಮಾವ ಸಿಟ್ಟಿನಲ್ಲಿ ಬಂಡಿ ಹೂಡಲು ಮುಂದೆ ಹೋಗಿದ್ದ. ನಾನು ದನ ಕಟ್ಟುವ ಹಕ್ಕೆಯ ಮಗ್ಗುಲಿಂದ ಹೊರಗೆ ಬರುವಾಗ ಹಿತ್ತಲ ಬಾಗಿಲಲ್ಲಿ ಹುಡುಗಿಯ ಅವ್ವ ನಿಂತಿದ್ದರು. ಯಾರಾದರೂ ನೋಡುತ್ತಾರೇನೋ ಎಂದು ಅತ್ತ ಇತ್ತ ನೋಡಿ, ಬಾಯಿಗೆ ಸೆರಗು ಹಿಡಿದು ಕೇಳಿದರು:

“ನೀವಂದದ್ದು ಖರೇ ಏನ್ರಿ? ಇದರಿಂದ ಸಾಯೂದಿಲ್ಲೇನು?”

“ಸಾಯೂದಿಲ್ರಿ ಅವ್ವಾ.”

“ಈಗ ಚಹಾ ತಂದ್ಲಲ್ರಿ, ನಮ್ಮ ಹಿರಿ ಹುಡುಗಿ. ಅಕಿದೂ ಹಂಗ. ಇವತ್ತೂ ಹಂಗ ಅದಾವ. ಅದಕ್ಕ ತಲಿ ಎತ್ತಬ್ಯಾಡ ಅಂದಿದ್ನಿ. ಅತ್ತಿ ಮನಿಗೆ ಹೋದ ವರ್ಷದಾಗ ಸಾಯತಾಳ ಅಂತ ಶಾಸ್ತ್ರ ಹೇಳೂ ಒಬ್ಬ ಅಯ್ಯ ಹೇಳ್ಯಾನ್ರಿ. ಆರ ತಿಂಗಳ ಆತು ನಾ ನಿದ್ದಿ ಮಾಡಿಲ್ಲ.”

ನಾನು ಏನೇನೋ ಹೇಳಿದೆ. ಯಕೃತ್ತು, ಮೂತ್ರ, ಕುರಿಹಟ್ಟಿಯ ಮುದುಕ, ಅವನ ವಯಸ್ಸು. ಮುದುಕನ ವಯಸ್ಸಿಗೆ ಅವರ ಮುಖ ಸಡಿಲಾಯಿತು. “ಎಂಬತ್ತು?” ಎಂದು ಎರಡು ಸಲ ಕೇಳಿದರು. ಇನ್ನೂ ಹೆಚ್ಚೇ ಇರಬೇಕು ಅಂದೆ. ಆ ಹುಡುಗಿಯೂ ನಾನೂ ಒಂದೇ ಗೋಡೆಯ ಆಚೆ ಈಚೆ ಅರ್ಧ ತಾಸು ಇದ್ದೆವು ಎಂಬುದು ಆಗ ನನ್ನ ತಲೆಗೆ ಹೋಗುತ್ತಿತ್ತು. ಊರೆಲ್ಲ ಕಣ್ಣು ನೋಡಿದವನಿಗೆ ಅವಳ ಕಣ್ಣು ಕಂಡಿರಲಿಲ್ಲ.

“ಹಂಗಾರ ಯಜಮಾನರಿಗೆ ಹೇಳಿ ಈ ಸಂಬಂಧ...” ಎಂದು ನಾನೇ ಮಾತು ತೆಗೆದೆ.

ಅವರು ಬೇಡವೆಂದು ತಲೆಯಾಡಿಸಿದರು. “ಎರಡೂ ಕಡೆ ಇದ್ರ ಹುಟ್ಟೂ ಮಕ್ಕಳಿಗೂ ತಪ್ಪೂದಿಲ್ಲ ಅಂತ ನಮ್ಮವರು ಒಪ್ಪೂದ ಇಲ್ಲ ಯಪ್ಪಾ. ನೀವು ಹೋಗ್ರಿ.” ಹೊರಟವನನ್ನು ಮತ್ತೆ ನಿಲ್ಲಿಸಿದರು. “ಅಕಿ ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ಈಗ ಉಣಸ್ಲ್ಯಾ?”

“ಉಣಸ್ರಿ.”

“ಸೋಮವಾರ್ರಿ.”

“ಸೋಮವಾರ ಆದ್ರೂ ಉಣಸ್ರಿ, ಅವ್ವಾ.”

ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಮಗಳನ್ನು ಕರೆದದ್ದು ಕೇಳಿಸಿತು, ತಾಟು ನೆಲಕ್ಕೆ ಇಟ್ಟದ್ದು ಕೇಳಿಸಿತು. ಒಣಗಿದ ಕಟಿರೊಟ್ಟಿ ಮುರಿದ ಸಪ್ಪಳವೂ ಕೇಳಿಸಿತೆಂದು ನನ್ನ ನೆನಪು. ಮುಚ್ಚಿದ ಬಾಗಿಲಿನ ಆಚೆಯಿಂದ ಅದು ಕೇಳಿಸಲಾರದು. ಮಾವ ಬಂಡಿಯಿಂದ ಎರಡು ಸಲ ಕೂಗಿದ, ಮೂರನೆಯ ಸಲ ಬೈದು ಕೂಗಿದ. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.